ಒಂದು ಕಟೌಟು, ಎರಡು ಹಾರ

ಶರಣ್ಯ ಮಾಡಿದ ತಪ್ಪು ಇಷ್ಟೇ: ಕಟೌಟಿಗೆ ಮೊದಲ ಹಾರ ಹಾಕುವ ಮರ್ಯಾದೆಯನ್ನು ಇಬ್ಬರಿಗೆ ಕೊಟ್ಟುಬಿಟ್ಟಿದ್ದಳು. ಶಿಕಾರಿಪುರದ ಉಜ್ಜಪ್ಪನಿಗೂ ಹೂಂ ಅಂದಿದ್ದಳು, ಸೊರಬದ ಮಧುಸೂದನರಿಗೂ ಹೂಂ ಅಂದಿದ್ದಳು. ಫೋನಿನಲ್ಲಿ ಹೂಂ ಅನ್ನುವುದಕ್ಕೇನು ಕಷ್ಟ? ಜನ ಬಂದರೆ ಸಾಕಾಗಿತ್ತು ಅವಳಿಗೆ. ಈಗ ಜನ ಬಂದಿದ್ದರು. ಭಾನುವಾರ ಬೆಳಗಿನ ಬಿಸಿಲಲ್ಲಿ ಶಿಕಾರಿಪುರದ ಮಲ್ಲಿಕಾ ಟಾಕೀಸಿನ ಗೇಟಿನ ಒಳಗೆ ಎರಡು ಊರಿನ ಎರಡು ಅಭಿಮಾನಿ ಸಂಘ, ನಡುವೆ ಒಂದು ಬಿದಿರಿನ ಏಣಿ.

ಏಣಿಯ ತುದಿಯಲ್ಲಿ ವಜ್ರಕಾಂತ ನಗುತ್ತಿದ್ದ. ಎರಡಾಳೆತ್ತರದ ಕಟೌಟು, ಮೀಸೆಯ ನಗು. ಅವನು ತೀರಿಹೋಗಿ ಆರು ವರ್ಷವಾಗಿದ್ದರೂ ಇವತ್ತು ಅವನ ಹೊಸ ಸಿನಿಮಾ ಬಿಡುಗಡೆ. ಹಳೆಯ ಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಅವನ ಮುಖ, ದನಿ, ಕಣ್ಣಿನ ಹೊರಳು ಎಲ್ಲವನ್ನೂ ಎಐ ಕೈಯಲ್ಲಿ ಹೊಸದಾಗಿ ಮಾಡಿಸಿದ್ದರು. ಅಭಿಮಾನಿಗಳು ಅವನನ್ನು ಹೆಸರು ಹಿಡಿದು ಕರೆದವರಲ್ಲ. ಅವರಿಗೆ ಅವನು ದೊರೆ.

ಟಾಕೀಸಿನ ಮಾಲೀಕ ಸಿದ್ಧಲಿಂಗೇಶ್ ಮೇಲಿನ ಮೊಗಸಾಲೆಯಲ್ಲಿ ಬೀಗದ ಕೈ ಗೊಂಚಲು ಹಿಡಿದು ನಿಂತಿದ್ದ. ಶರಣ್ಯಳ ಸೋದರಮಾವ. ಮೆಕ್ಕೆಜೋಳದ ವ್ಯಾಪಾರಿ ಪರಮಶಿವಪ್ಪ ಟಾಕೀಸನ್ನು ಗೋದಾಮಿಗೆ ಕೇಳಿ, ಆಗಲೇ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋಗಿದ್ದ. ಶರಣ್ಯ ಮಾವನ ಮುಂದೆ ಅತ್ತು ಕರೆದು ಈ ಒಂದು ಆಟ ಕೇಳಿಕೊಂಡಿದ್ದಳು. ಪ್ರೊಜೆಕ್ಟರ್ ಕೋಣೆಯ ಕಿಂಡಿಯಲ್ಲಿ ಕಣ್ಣಿಟ್ಟು ಬೆಳೆದ ಹುಡುಗಿ ಅವಳು. ಅಜ್ಜಿಯ ಕಥೆ ಅರ್ಧ, ಪರದೆಯ ಕಥೆ ಅರ್ಧ ಉಂಡವಳು. ಮಾವ ಕೊನೆಗೆ ಅಂದಿದ್ದ, "ಆಟ ಗಲಾಟೆ ಇಲ್ದಂಗೆ ಮುಗೀಲಿ, ಟಾಕೀಸು ಒಂದ್ ವರ್ಷ ನಿನ್ ಕೈಗೆ. ಏನಾರ ಮಾಡ್ಕೋ. ಆದ್ರೆ ಒಂದ್ ಕುರ್ಚಿ ಮುರೀತೋ, ನಾಳೇನೇ ಜೋಳದ ಚೀಲ ಇಳಿತಾವು."

ಕಳೆದ ಸಲ ದೊರೆಯ ಸಿನಿಮಾ ಬಂದಾಗ ಈ ಎರಡು ಸಂಘಗಳು ಸೇರಿ ಕುರ್ಚಿಗಳ ಒಂದಿಡೀ ಸಾಲು ಕಿತ್ತಿದ್ದವು.

"ಅದೇನ್ರೀ ಅದು ಕೈಯಾಗೆ?" ಉಜ್ಜಪ್ಪ ಮಧುಸೂದನರ ಕಡೆ ಗದ್ದ ಎತ್ತಿ ಕೇಳಿದ. ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ಗ್ಯಾರೇಜ್ ಇಟ್ಟವನು, ಹೆಗಲ ಮೇಲೆ ಸೇವಂತಿಗೆಯ ಹಾರ ಹೊತ್ತಿದ್ದ, ಹಾರ ನೆಲಕ್ಕೆ ತಾಗುತ್ತಿತ್ತು.

"ಕಾಣ್ತದಲ್ಲ ಮಾರಾಯ್ರೆ. ಗಂಧದ ಹಾರ. ನಮ್ಮೂರ ಗಂಧದ ಕೆಲಸದ ಗುಡಿಗಾರರು ಕೂತು ಮಾಡಿದ್ದು." ಮಧುಸೂದನ ಸೊರಬದಲ್ಲಿ ವಕೀಲರು. ಕೋರ್ಟಿನಲ್ಲೂ ದನಿ ಏರಿಸದವರು, ಇಲ್ಲೂ ಏರಿಸಲಿಲ್ಲ.

"ಗಂಧದ ಹಾರ ಸತ್ತೋರ್ ಫೋಟೋಕ್ಕೆ ಹಾಕ್ತಾರೆ. ಇನ್ನೊಂದ್ ಗಳಿಗೇಲಿ ನಮ್ ದೊರೆ ಪರದೆ ಮ್ಯಾಲೆ ನಡ್ಕೊಂಡ್ ಬರ್ತಾನೆ. ನಡೆಯೋನಿಗೆ ಗಂಧದ್ದು ತಂದೀರಲ್ಲ, ಮುಖಕ್ಕೆ ನೀರ್ ಹಾಕ್ಕೊಂಡ್ ಬಂದೀರೋ ಇಲ್ವೋ?"

"ನಾನು ಅವನ ಮಣ್ಣಿಗೆ ಹೋಗಿ ಬಂದವ, ಉಜ್ಜಪ್ಪನೋರೆ. ಮೂರು ಹಿಡಿ ಹಾಕಿದ ಕೈ ಇದು. ಯಾವನೋ ಕಂಪ್ಯೂಟರಿನವ ಬೊಂಬೆ ಮಾಡಿ ಕುಣಿಸ್ತಾನೆ ಅಂತ ಅದಕ್ಕೆ ಹೂವಿನ ಹಾರ ಹಾಕೂದ? ಆರತಿ ಎತ್ತೂದ?"

"ಸಿನಿಮಾದಾಗೆ ಯಾವುದ್ರೀ ಖರೆ? ಫೈಟು ಖರೆನಾ? ಹಾಡು ಅವನದೇ ಗಂಟಲಾ? ಎಲ್ಲಾ ಸುಳ್ಳು ಅಂತ ಗೊತ್ತಿದ್ದೇ ಸೀಟಿ ಹೊಡೆದೀವಿ. ಇದೊಂದ್ ಸುಳ್ಳು ಜಾಸ್ತಿ ಆತಾ ನಿಮಗೆ?"

ಶಿಕಾರಿಪುರದವರು ಹೋ ಎಂದರು. ಸೊರಬದವರ ನಡುವಿನಿಂದ ಯಾರೋ ಕೂಗಿದ, "ನಾಳೆ ಫೋನಿನಾಗೆ ನಿಮ್ಮ ಮೊಮ್ಮಗ ಹೀರೋನ ಮುಖ ಕಿತ್ತು ತನ್ನದೇ ಮುಖ ಅಂಟಿಸ್ಕಂಡು ನೋಡ್ತಾನೆ. ಆಗ ಈ ಟಾಕೀಸಿಗೆ ಯಾರು ಬರ್ತಾರೆ, ನೋಡ್ವ!"

"ನಾವ್ ಬರ್ತೀವಲೇ!" ಉಜ್ಜಪ್ಪ ಕೂಗಿದ. "ಸೀಟಿ ಹೊಡೆಯಾಕೆ ಮಗ್ಗುಲಾಗೆ ಮಂದಿ ಬೇಕು. ಮನೇಲಿ ಒಬ್ನೇ ಸೀಟಿ ಹೊಡೆದ್ರೆ ಹೆಂಡ್ತಿ ಕುಕ್ಕರ್ ಇಳಸಾಕೆ ಓಡ್ತಾಳೆ. ನಿಮಗೇನ್ ಗೊತ್ತು, ನಿಮ್ಮೂರ್ ಟಾಕೀಸ್ನ ಕಲ್ಯಾಣಮಂಟಪ ಮಾಡಿ ಪಾಯಸ ಉಣ್ಣೋ ಮಂದಿ!"

ನಕ್ಕವರು ಒಂದೇ ಕಡೆಯವರು. ಆ ನಗು ನಿಲ್ಲುವ ಮೊದಲೇ ಸೊರಬದ ಇಬ್ಬರು ಬಂದು ಏಣಿಯ ಒಂದು ಕಾಲು ಹಿಡಿದರು. ಉಜ್ಜಪ್ಪ ಇನ್ನೊಂದು ಕಾಲು ಹಿಡಿದ. ಏಣಿ ಕಿರ್ ಅಂದಿತು. ಮೇಲೆ ಬೀಗದ ಕೈ ಗೊಂಚಲು ಝಲ್ ಅಂದಿತು.

"ಜಗಳ ಯಾಕೆ, ಹುಡುಗೀನೇ ಕೇಳಾಣ," ಉಜ್ಜಪ್ಪ ತಿರುಗಿದ. "ಮೊದ್ಲ ಹಾರ ಯಾರಿಗಂದಿದ್ದೆ ಹೇಳವ್ವ."

"ಹೇಳಮ್ಮ, ಹೆದರಬೇಡ," ಮಧುಸೂದನರೂ ಅಂದರು. ಇಬ್ಬರ ಕಣ್ಣಲ್ಲೂ ಅವಳ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದೇ ಅವಳನ್ನು ಕೊಂದಿತು.

"ಇಬ್ರಿಗೂ ಅಂದಿದ್ದೆ," ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಅಂದಳು. "ಇಬ್ರಿಗೂ. ತಪ್ಪು ನಂದು. ನೀವಿಬ್ರೂ ಬರದಿದ್ರೆ ಟಾಕೀಸು ತುಂಬ್ತಿರ್ಲಿಲ್ಲ."

ಜಗಳ ಯಾವ ಕಡೆಗೆ ಒಡೆಯುತ್ತದೋ ಗೊತ್ತಾಗದೆ ನಿಂತವಳಿಗೆ ಎಲ್ಲಿಂದಲೋ ಅಜ್ಜಿಯ ಕಥೆ ನೆನಪಾಯಿತು. ಒಬ್ಬ ರಾಜ ಮೈ ಬಿಟ್ಟು ಗಿಳಿಯೊಳಗೆ ಸೇರಿಕೊಂಡಾಗ, ಹೊಂಚು ಹಾಕಿದ್ದ ಸೇವಕ ರಾಜನ ಮೈಯೊಳಗೆ ಹೊಕ್ಕು ಅಂತಃಪುರಕ್ಕೆ ನಡೆದ. ಅದೇ ಮುಖ, ಅದೇ ಕಿರೀಟ, ಅದೇ ದನಿ. ರಾಣಿ ಏನನ್ನೂ ಕೇಳಲಿಲ್ಲ, ಊಟಕ್ಕೆ ಬಡಿಸಿದಳು. ರಾಜ ಯಾವತ್ತೂ ಮೊದಲ ತುತ್ತನ್ನು ಬಾಗಿಲ ಆಚೆಯ ನಾಯಿಗೆ ಇಡುತ್ತಿದ್ದ. ಇವನು ತಾನೇ ತಿಂದ. ಇವನು ರಾಜನಲ್ಲವೆಂದು ರಾಣಿಗೆ ಅಷ್ಟರಲ್ಲೇ ಗೊತ್ತಾಯಿತು.

"ಹಾರ ಈಗ ಬೇಡ," ಅಂದಳು ಶರಣ್ಯ. "ಒಳಗೆ ಹೋಗಿ ನೋಡಾಣ. ಬಂದೋನು ದೊರೆನೇ ಅನ್ಸಿದ್ರೆ ಹೂವಿನದ್ದು. ಅಲ್ಲ ಅನ್ಸಿದ್ರೆ ಗಂಧದ್ದು. ಇಂಟರ್ವಲ್‌ನಾಗೆ ಏಣಿ ಹತ್ರಿ."

"ಹೌದೋ ಅಲ್ವೋ ಯಾರ್ ಹೇಳ್ಬೇಕು?" ಉಜ್ಜಪ್ಪ ಕೇಳಿದ.

ಮಧುಸೂದನ ಏಣಿಯಿಂದ ತಮ್ಮವರ ಕೈ ಬಿಡಿಸಿದರು. "ನೀವೇ ಹೇಳಿ. ದೊರೆ ಹೆಜ್ಜೆ ನಿಮಗಿಂತ ಹೆಚ್ಚು ಯಾರಿಗೆ ಗೊತ್ತು?"

ಅದು ನಿಜ. ಹರೆಯದಲ್ಲಿ ಶೂಟಿಂಗಿನಲ್ಲಿ ಕುದುರೆಯಿಂದ ಬಿದ್ದ ಮೇಲೆ ವಜ್ರಕಾಂತ ಬಲಗಾಲನ್ನು ಚೂರು ಎಳೆದು ನಡೆಯುತ್ತಿದ್ದ. ಅದನ್ನು ಮುಚ್ಚಿಡಲಿಲ್ಲ. ಆ ಎಳೆದ ಹೆಜ್ಜೆಗೇ ಜನ ಸೀಟಿ ಹೊಡೆದರು. ಊರೂರಿನ ಹುಡುಗರು ಕುಂಟಿದರು. ಬೇರೆಯವರು ಬಿಟ್ಟರು, ಉಜ್ಜಪ್ಪ ಬಿಡಲಿಲ್ಲ. ಹೆಂಡತಿ ಗಾಬರಿಯಾಗಿ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು, ಕಾಲಿಗೆ ಏನೂ ಆಗಿರಲಿಲ್ಲ. ಈಗ ಅದು ಅವನದೇ ನಡಿಗೆ. ತಾನು ಕಾಲೆಳೆಯುತ್ತೇನೆಂಬುದೇ ಅವನಿಗೆ ಮರೆತುಹೋಗಿತ್ತು.

ಬಾಗಿಲು ತೆರೆಯಿತು. ಎಡಕ್ಕೆ ಶಿಕಾರಿಪುರ, ಬಲಕ್ಕೆ ಸೊರಬ. ಶರಣ್ಯ ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಹತ್ತಿರವೇ ನಿಂತಳು. ಮಾವ ಅವಳ ಹಿಂದೆ ಬಂದು ನಿಂತದ್ದು ಬೀಗದ ಕೈ ಸದ್ದಿನಿಂದ ಗೊತ್ತಾಯಿತು.

ಪರದೆಯ ಮೇಲೆ ಧೂಳು ಎದ್ದಿತು. ಡೋಲು ಬಡಿಯಿತು. ಉಜ್ಜಪ್ಪ ಮುಂದಿನ ಸಾಲಿನಲ್ಲಿ ಎದ್ದು, ತಟ್ಟೆಯಲ್ಲಿ ಕರ್ಪೂರ ಹಚ್ಚಿದ. ಧೂಳಿನಿಂದ ಮೊದಲು ಕಾಲು, ಆಮೇಲೆ ಹೆಗಲು, ಆಮೇಲೆ ಮೀಸೆ. ಅವನೇ. ಮೂವತ್ತರ ಹರೆಯದವನು, ಕುದುರೆಯಿಂದ ಬೀಳುವ ಮೊದಲಿನವನು. ನೆಟ್ಟಗೆ, ನೂಲು ಹಿಡಿದಂತೆ ನಡೆದು ಬಂದ. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು.

ಒಂದು ಸೀಟಿಯೂ ಇಲ್ಲ.

ಸೊರಬದ ಕಡೆ ಯಾರೋ ಕಿಸಕ್ಕನೆ ನಕ್ಕರು. "ಯಾವನೋ ಅವ!" ಎಂದು ಶಿಕಾರಿಪುರದ ಕಡೆಯಿಂದ ಬೈಗುಳ ಬಂತು. ಕುರ್ಚಿಗಳು ಹಿಂದಕ್ಕೆ ಮಡಚಿಕೊಂಡ ಸದ್ದು ಪಟಪಟ ಕೇಳಿತು. ಎರಡೂ ಕಡೆ ಜನ ಎದ್ದಿದ್ದರು. ಉಜ್ಜಪ್ಪ ಉರಿಯುವ ತಟ್ಟೆ ಹಿಡಿದೇ ಪರದೆಯ ಕಡೆ ಹೊರಟ. ಈ ಬೆಂಕಿಯನ್ನು ಪರದೆಗೆ ಎಸೆಯುತ್ತಾನೆ ಅನ್ನಿಸಿತು ಶರಣ್ಯಳಿಗೆ. ಓಡಬೇಕೆಂದುಕೊಂಡಳು. ದಾರಿಗೆ ಜನ ಅಡ್ಡ ನಿಂತಿದ್ದರು.

ಪರದೆಯ ಮುಂದಿನ ಕಟ್ಟೆ ಹತ್ತಿ ಉಜ್ಜಪ್ಪ ಕೈ ಎತ್ತಿ ಕೂಗಿದ, "ನಿಲ್ಸ್ರಲೇ! ಇದು ಅವನಲ್ಲ!"

ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬಂದಿದ್ದ ಅವನು. ಕಂಪ್ಯೂಟರಿನ ದೊರೆಯ ಎದೆಯ ಮೇಲೆ ಕಪ್ಪು ನೆರಳೊಂದು ಎದ್ದು, ಆ ಕಡೆಯಿಂದ ಈ ಕಡೆಗೆ ನಡೆಯಿತು. ಎಡಗಾಲು ಇಟ್ಟಿತು. ಬಲಗಾಲನ್ನು ಚೂರು ಎಳೆಯಿತು.

ಬಲಗಡೆಯಿಂದ ಒಂದು ಸೀಟಿ ಬಂತು. ಉದ್ದದ, ಹಳೆಯ ಕಾಲದ, ನಾಲಿಗೆ ಮಡಚಿ ಹೊಡೆದ ಸೀಟಿ. ಶರಣ್ಯ ತಿರುಗಿ ನೋಡಿದಳು. ವಕೀಲರು ಎರಡು ಬೆರಳು ಬಾಯಲ್ಲಿಟ್ಟುಕೊಂಡು ನಿಂತಿದ್ದರು, ಕೆನ್ನೆ ಒದ್ದೆಯಾಗಿತ್ತು.

ಆಮೇಲೆ ಯಾರ ಸೀಟಿ ಯಾವ ಊರಿನದೆಂದು ಹೇಳುವ ಹಾಗಿರಲಿಲ್ಲ. ಸಿನಿಮಾದ ಮಾತು ಒಂದೂ ಕೇಳಿಸಲಿಲ್ಲ. ಉಜ್ಜಪ್ಪ ಕಕ್ಕಾಬಿಕ್ಕಿಯಾಗಿ, "ಯಾಕ್ರಲೇ, ಯಾಕೆ?" ಅನ್ನುತ್ತ ಹಿಂದೆ ತಿರುಗಿ ತನ್ನ ನೆರಳನ್ನು ಕಂಡ. ಒಂದು ಹೆಜ್ಜೆ ಇಟ್ಟು ನೋಡಿದ. ನೆರಳೂ ಎಳೆಯಿತು. ಅಲ್ಲೇ ನಿಂತುಬಿಟ್ಟ. ತಟ್ಟೆಯ ಕರ್ಪೂರ ಆರಿತ್ತು.

ಆಗಲೇ ಮುಂದಿನ ಸಾಲಿನಲ್ಲಿ ಫಟ್ ಎಂದು ಸದ್ದಾಯಿತು. ಇಬ್ಬರು ಒಂದೇ ಕುರ್ಚಿ ಹತ್ತಿ ಕುಣಿದಿದ್ದರು. ಒಬ್ಬ ಶಿಕಾರಿಪುರದವನು, ಒಬ್ಬ ಸೊರಬದವನು.

ಇಂಟರ್ವಲ್ ಆಯಿತು. ಏಣಿಯ ಬುಡಕ್ಕೆ ಬಂದ ಉಜ್ಜಪ್ಪ ಮಧುಸೂದನರ ಮುಂದೆ ಕೈ ಚಾಚಿದ. "ಕೊಡ್ರಿ ಇಲ್ಲಿ."

"ಮತ್ತೆ ನಿಮ್ಮ ಹೂವಿನದ್ದು?"

"ಗಂಧದ್ದು ಕೊಡ್ರಿ. ಅವ್ನು ಹೋಗಿ ಆರ್ ವರ್ಷ ಆತು. ಏಣಿ ಗಟ್ಟಿ ಹಿಡೀರಿ ಮತ್ತೆ, ಕೆಡವಿ ನನಗೂ ಒಂದ್ ಹಾರ ತರಿಸ್ಬ್ಯಾಡ್ರಿ."

ವಕೀಲರು ಎರಡೂ ಕೈಯಲ್ಲಿ ಏಣಿ ಹಿಡಿದರು. ಉಜ್ಜಪ್ಪ ಒಂದೊಂದೇ ಮೆಟ್ಟಿಲು ಹತ್ತಿ ನಗುವ ಮೀಸೆಯ ಕೆಳಗೆ ಗಂಧದ ಹಾರ ಇಳಿಬಿಟ್ಟ.

ಉಜ್ಜಪ್ಪ ಏಣಿ ಹತ್ತುವ ಮೊದಲು ಕೊಟ್ಟಿದ್ದ ಸೇವಂತಿಗೆಯ ಹಾರ ಶರಣ್ಯಳ ತೋಳಿನ ಮೇಲೆ ಉಳಿಯಿತು. ಎದುರಿಗೆ ಮಾವ ಬಂದು ನಿಂತ. ಒಂದು ಕೈಯಲ್ಲಿ ಮುರಿದ ಕುರ್ಚಿಯ ಹಲಗೆ, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅಂಗಿಯ ತೆಳು ಬಟ್ಟೆಯಲ್ಲಿ ಪರಮಶಿವಪ್ಪನ ಹೆಸರು ಬೆಳಗುತ್ತಿತ್ತು. ಅವಳು ಹಲಗೆಯನ್ನೇ ನೋಡಿದಳು. ಮಾತು ಮಾತೇ ಅಲ್ಲವಾ, ಅಂದುಕೊಂಡಳು. ಇಬ್ಬರಿಗೆ ಒಂದೇ ಮಾತು ಕೊಟ್ಟವಳು ಮಾವನಿಗೆ ಏನು ಹೇಳಬಲ್ಲಳು?

ಮಾವ ಫೋನು ತೆಗೆದು, ಹೆಸರು ನೋಡಿ, ಕಟ್ ಮಾಡಿದ.

"ಉಜ್ಜಪ್ಪ," ಏಣಿಯ ಕಡೆ ತಿರುಗಿ ಕೂಗಿದ, "ನಿನ್ ಗ್ಯಾರೇಜಿನಾಗೆ ನಟ್ಟು ಬೋಲ್ಟು, ಸ್ಪ್ಯಾನರ್ ಅದಾವೇನೋ? ಆಟ ಬಿಟ್ ಮ್ಯಾಲೆ ತಗೊಂಬಾ."

ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಗೋಡೆಯ ಬೆಲ್ಲಿನ ಗುಂಡಿ ತಾನೇ ಒತ್ತಿದ. ಶರಣ್ಯಳ ತೋಳಿನ ಕಡೆ ನೋಡಿ ಅಂದ, "ಹೂವು ಬಾಡ್ತಾವು. ಬಾಗಿಲಿಗೆ ಹಾಕು ಹೋಗು."