ಬಾರ್ಟ್ಲಿಯ ಪದಕ

ಫಿಂಟನ್ ಗೆರಟಿ ಇಟಲಿಯ ಯುದ್ಧ ಮುಗಿಸಿ ಊರಿಗೆ ಬಂದಾಗ ಯಾರೂ ಅವನ ಕೈ ಕುಲುಕಲಿಲ್ಲ. ಬೈಯಲೂ ಇಲ್ಲ. ರಾಸ್ಕಾಮನ್ ಕಡೆಯ ಆ ಸಣ್ಣ ಊರಿನಲ್ಲಿ ಜನ ಬಾಯಿಬಿಟ್ಟು ಬೈದರೆ ಅರ್ಧ ಕ್ಷಮಿಸಿದರೆಂದೇ ಲೆಕ್ಕ. ಇವನು ಹೆಂಡದಂಗಡಿಗೆ ಕಾಲಿಟ್ಟರೆ ಮಾತು ಮಳೆಯ ಕಡೆಗೆ ಹೊರಳುತ್ತಿತ್ತು. ಚರ್ಚಿನಲ್ಲಿ ಇವನು ಕೂತ ಬೆಂಚಿನಲ್ಲಿ ಮಾತ್ರ ಧಾರಾಳವಾಗಿ ಜಾಗ ಇರುತ್ತಿತ್ತು.

ಕಾರಣ ಅವನಿಗೂ ಗೊತ್ತಿತ್ತು. ಉಳಿದ ಜಗತ್ತು ಯುದ್ಧ ಎನ್ನುತ್ತಿದ್ದುದನ್ನು ಐರ್ಲೆಂಡಿನ ಸರ್ಕಾರ ತುರ್ತುಪರಿಸ್ಥಿತಿ ಎಂದು ಕರೆದು ಪಕ್ಕಕ್ಕೆ ಸರಿದು ನಿಂತಿತ್ತು. ಆಗ ಫಿಂಟನ್ ಐರಿಶ್ ಸೈನ್ಯದಲ್ಲಿದ್ದ. ಪುಟ್ಟ ಸೈನ್ಯ, ಹಳೆಯ ಬಂದೂಕುಗಳು. ಯಾರೂ ದಾಟಲು ಬಾರದ ಸೇತುವೆಯೊಂದನ್ನು ಕಾಯುತ್ತಿದ್ದ. ಕಾವಲಿಲ್ಲದ ದಿನ ಸಿಪಾಯಿಗಳನ್ನೆಲ್ಲ ಜೌಗು ನೆಲಕ್ಕೆ ಅಟ್ಟುತ್ತಿದ್ದರು. ಇಂಗ್ಲೆಂಡಿನಿಂದ ಕಲ್ಲಿದ್ದಲು ಬರುವುದು ನಿಂತಿದ್ದರಿಂದ ಒಲೆ ಉರಿಸಲು ಅಲ್ಲಿ ಕೊಯ್ದು ಒಣಗಿಸಿದ, ಸೌದೆಯಂತೆ ಉರಿಯುವ ಕಪ್ಪು ಮಣ್ಣಿನ ಹೆಂಟೆಗಳೇ ದೇಶಕ್ಕೆ ಗತಿ. ಅವನ್ನು ಕೊಯ್ದು ಕೊಯ್ದು ಬೆನ್ನು ಬಾಗಿ, ಒಂದು ರಾತ್ರಿ ಫಿಂಟನ್ ಕಾವಲು ಬಿಟ್ಟು ಬ್ರಿಟಿಷರ ಕೈಯಲ್ಲಿದ್ದ ಬೆಲ್‌ಫಾಸ್ಟಿಗೆ ಹೋಗಿ ಬ್ರಿಟಿಷ್ ಸೈನ್ಯ ಸೇರಿಬಿಟ್ಟ. ಹಿಟ್ಲರನ ಮೇಲಿನ ಸಿಟ್ಟೋ, ಹೆಂಟೆಯ ಮೇಲಿನ ಬೇಸರವೋ, ಅವನಿಗೇ ಬಗೆಹರಿದಿರಲಿಲ್ಲ. ಹಾಗೆ ಹೋದವರು ಸಾವಿರಾರು ಜನ. ಯುದ್ಧ ಮುಗಿದ ಮೇಲೆ ಸರ್ಕಾರ ಅವರನ್ನು ಜೈಲಿಗೆ ಹಾಕಲಿಲ್ಲ. ಏಳು ವರ್ಷ ಯಾವ ಸರ್ಕಾರಿ ಕೆಲಸವನ್ನೂ ಕೊಡಕೂಡದೆಂದು ಅಪ್ಪಣೆ ಹೊರಡಿಸಿತು, ಅಷ್ಟೆ. ಸರ್ಕಾರ ಕೊಡದ ಕೆಲಸವನ್ನು ಊರಿನ ಸಾಹುಕಾರರೂ ಕೊಡಲಿಲ್ಲ.

ಇಂಗ್ಲೆಂಡಿಗೆ ಹೋಗೋಣವೆಂದರೆ ಹೆಂಡತಿ ನೋರೀನ್ ಮುಖ ತಿರುಗಿಸುತ್ತಿದ್ದಳು. "ಆ ದೇಶ ನಿನ್ನ ಒಂದ್ಸಲ ತಗೊಂಡು ಹೋಯ್ತಲ್ಲ, ಸಾಲ್ದಾ? ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಅವಳನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ."

ದಾರಿ ತೋರಿಸಿದವನು ದೊಡ್ಡಪ್ಪನ ಮಗ ಬಾರ್ಟ್ಲಿ ಗೆರಟಿ. ಅವನು ಯುದ್ಧ ಮುಗಿಯುವವರೆಗೂ ಐರಿಶ್ ಸೈನ್ಯದಲ್ಲೇ ಇದ್ದು, ಬಿಡುಗಡೆಯಾಗಿ, ಈಗ ಇಂಗ್ಲೆಂಡಿನ ಕವೆಂಟ್ರಿಯ ಕಾರ್ಖಾನೆಗೆ ಹೊರಟಿದ್ದ. ಹೊರಡುವ ಮುನ್ನ ಸೈನ್ಯದ ತನ್ನ ಬಿಡುಗಡೆ ಪತ್ರವನ್ನು ಫಿಂಟನ್ನನ ಜೇಬಿಗೆ ತುರುಕಿದ.

"ಕಿಲ್ಡೇರ್ ಕಡೆ ಸರ್ಕಾರದೋರು ಹೆಂಟೆ ಕೊಯ್ಯೋಕೆ ಜನ ತಗೋತಿದಾರೆ. ಹಳೇ ಸಿಪಾಯಿ ಅಂದ್ರೆ ಮೊದಲು ಕರೀತಾರಂತೆ. ಅಲ್ಲಿ ನಿನ್ನ ಮುಖ ಕಂಡೋರು ಯಾರಿದಾರೆ? ಮನೆ ಹೆಸರು ಹೇಗೂ ಒಂದೇ. ಮುಂದಿನ ಹೆಸರು ಬದಲಾಯಿಸ್ಕೋ, ಮುಗೀತು."

"ಸಿಕ್ಕಿಬಿದ್ರೆ?"

"ಸಿಕ್ಕಿಬಿದ್ರೆ ಅವನ್ಯಾರೋ ಕಳ್ಳ, ನಂಗೊತ್ತಿಲ್ಲ ಅಂತೀನಿ," ಎಂದು ಬಾರ್ಟ್ಲಿ ನಕ್ಕ.

ಹೀಗೆ ಯಾವ ಕೆಲಸ ಬೇಡವೆಂದು ಓಡಿಹೋಗಿದ್ದನೋ ಅದೇ ಕೆಲಸಕ್ಕೆ ಫಿಂಟನ್ ಇನ್ನೊಬ್ಬನ ಹೆಸರಲ್ಲಿ ಸೇರಿದ. ದಿಗಂತದವರೆಗೂ ಕಪ್ಪು ನೆಲ, ತಗಡಿನ ಸೂರಿನ ಉದ್ದನೆಯ ಕೊಠಡಿಗಳ ಶಿಬಿರ. ಪಕ್ಕದ ಹಾಸಿಗೆಯವನು ಕಾನ್ ಟ್ವೋಮಿ ಎಂಬ ಕಾರ್ಕ್ ಕಡೆಯ ಆಳು. ಅವನೂ ತುರ್ತುಪರಿಸ್ಥಿತಿಯ ಸಿಪಾಯಿ. ಬಾಯಿ ದೊಡ್ಡದು, ಮನಸ್ಸು ಒಳ್ಳೆಯದು. ಫಿಂಟನ್‌ಗೆ ಜ್ವರ ಬಂದಾಗ ತನ್ನ ಕಂಬಳಿಯನ್ನೂ ಹೊದಿಸಿದವನು ಅವನೇ. ಅದೇ ಬಾಯಲ್ಲಿ, "ಈ ಓಡಿಹೋದ ನನ್ಮಕ್ಳು ಇದಾರಲ್ಲ ಬಾರ್ಟ್ಲಿ, ಇಂಗ್ಲೆಂಡ್ ರಾಜನ ಬೂಟು ನೆಕ್ಕೋಕೆ ಹೋದೋರು, ಅವರನ್ನ ಈ ಕೆಸರಲ್ಲೇ ಹೂಳ್ಬೇಕು. ಏನಂತೀಯ?" ಎನ್ನುತ್ತಿದ್ದ.

"ಹೂಳ್ಬೇಕು," ಎನ್ನುತ್ತಿದ್ದ ಫಿಂಟನ್.

ನವೆಂಬರಿನಲ್ಲಿ ಕಾಲುವೆ ತೋಡುವ ಕೆಲಸ. ಹನ್ನೊಂದನೆಯ ತಾರೀಕು, ಹನ್ನೊಂದು ಗಂಟೆಗೆ ಸರಿಯಾಗಿ ಚಹಾದ ಸಿಳ್ಳೆ ಹೊಡೆಯಿತು. ಎಲ್ಲರೂ ಸನಿಕೆ ಎಸೆದು ಒಲೆಯ ಕಡೆ ಓಡಿದರು. ಅದು ಮೊದಲ ಮಹಾಯುದ್ಧ ನಿಂತ ಗಳಿಗೆ, ಬ್ರಿಟಿಷ್ ಸಿಪಾಯಿಗಳು ಸತ್ತವರನ್ನು ನೆನೆದು ನಿಲ್ಲುವ ಹೊತ್ತು. ಫಿಂಟನ್ ಕಾಲುವೆಯೊಳಗೇ ತಲೆ ತಗ್ಗಿಸಿ ನಿಂತುಬಿಟ್ಟ. ಇಟಲಿಯ ಕಸೀನೋ ಗುಡ್ಡದ ಬುಡದಲ್ಲಿ ಸತ್ತವರ ಮುಖಗಳು ಒಂದೊಂದಾಗಿ ಬಂದು ಹೋದವು. ತಲೆ ಎತ್ತಿದರೆ ಕಾಲುವೆಯ ಆ ತುದಿಯಲ್ಲಿ ಮುದುಕ ಮಾಸಿ ಲೇಸಿ ಟೊಪ್ಪಿ ಕೈಯಲ್ಲಿ ಹಿಡಿದು ಹಾಗೆಯೇ ನಿಂತಿದ್ದ. ಶಿಬಿರದಲ್ಲಿ ಯಾರೊಡನೆಯೂ ಹೆಚ್ಚು ಮಾತಾಡದ ಮನುಷ್ಯ.

"ನಿಂದೆಲ್ಲಿ ಮಗಾ?" ಎಂದು ಕೇಳಿದ ಮಾಸಿ.

ಫಿಂಟನ್ ಸುತ್ತ ನೋಡಿದ. "ಇಟಲಿ. ನಿಮ್ದು?"

"ಫ್ರಾನ್ಸು. ಹದಿನಾರನೇ ಇಸ್ವಿ. ನಾವು ಹೋಗೋವಾಗ ಊರೋರೇ ಬ್ಯಾಂಡ್ ಬಾರಿಸಿ ರೈಲು ಹತ್ತಿಸಿದ್ರು. ಬರೋ ಹೊತ್ತಿಗೆ ಊರೇ ಇಂಗ್ಲಿಷರ ಮೇಲೆ ತಿರುಗಿಬಿದ್ದಿತ್ತು." ಮಾಸಿ ಟೊಪ್ಪಿ ಹಾಕಿಕೊಂಡ. "ನಾನು ಆ ಮಾತು ಬಿಟ್ಟು ಮೂವತ್ತು ವರ್ಷ ಆಯ್ತು. ನೀನೂ ಬಿಡು. ಚಹಾ ಆರೋಗುತ್ತೆ."

ಅವರಿಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ. ಆದರೂ ಒಬ್ಬನಿಗಾದರೂ ಗೊತ್ತಿದೆಯೆಂಬುದರಿಂದ ಫಿಂಟನ್‌ಗೆ ಆ ಚಳಿಗಾಲ ಕಳೆಯಿತು.

ಈಸ್ಟರ್ ಮುಗಿದ ಮೇಲೆ ಶಿಬಿರದ ಮ್ಯಾನೇಜರು ಊಟದ ಮನೆಯಲ್ಲಿ ಒಂದು ಸುದ್ದಿ ಹೇಳಿದ. ತುರ್ತುಪರಿಸ್ಥಿತಿಯಲ್ಲಿ ದೇಶ ಬಿಟ್ಟು ಕದಲದೆ ಸೇವೆ ಮಾಡಿದ ಸಿಪಾಯಿಗಳಿಗೆ ಸರ್ಕಾರ ಕಂಚಿನ ಪದಕ ಕೊಡುತ್ತದೆ. ಭಾನುವಾರ ಪೂಜೆಯಾದ ಮೇಲೆ ಸೈನ್ಯದ ಅಧಿಕಾರಿಯೊಬ್ಬರು ಇಲ್ಲಿಗೇ ಬಂದು ಹಾಕುತ್ತಾರೆ. ಆಮೇಲೆ ಹೆಸರುಗಳನ್ನು ಕೂಗಿದ. ಕಾನ್ ಟ್ವೋಮಿ. ಬಾರ್ಟ್ಲಿ ಗೆರಟಿ.

ಭಾನುವಾರ ಬೆಳಿಗ್ಗೆ ಫಿಂಟನ್ ಹೊಟ್ಟೆನೋವೆಂದು ಮುಸುಕು ಹೊದ್ದು ಮಲಗಿದ. ಕಾನ್ ಬಿಡಬೇಕಲ್ಲ! ಇವನ ಬೂಟಿಗೂ ತಾನೇ ಪಾಲಿಶ್ ಹಾಕಿಟ್ಟಿದ್ದ. "ಏಳೋ ಮಾರಾಯ! ಐದು ವರ್ಷ ಕೆಸರು ತುಳಿದಿದ್ದಕ್ಕೆ ಒಂದು ಬಿಲ್ಲೆ ಸಿಗ್ತಿದೆ. ನೀನು ಬರ್ದಿದ್ರೆ ಮ್ಯಾನೇಜರು ಯಾಕೆ ಏನು ಅಂತ ಕೆದಕ್ತಾನೆ." ಕೊನೆಯ ಮಾತು ಸಹಜವಾಗಿ ಬಂದದ್ದು. ಅದು ಕಿವಿಗೆ ಬಿದ್ದದ್ದೇ ಫಿಂಟನ್ ಎದ್ದು ಬೂಟು ಹಾಕಿಕೊಂಡ.

ಅಂಗಳದಲ್ಲಿ ಸಾಲಾಗಿ ನಿಂತರು. ಜೀಪಿನಿಂದ ಅಧಿಕಾರಿ ಇಳಿದಾಗ ಫಿಂಟನ್‌ಗೆ ಕೂಡಲೇ ಗುರುತು ಸಿಕ್ಕಿತು. ಕ್ಯಾಪ್ಟನ್ ಹೆನೆಬ್ರಿ. ಸೇತುವೆ ಕಾವಲಿನಲ್ಲಿ ಇವನ ತುಕಡಿಯ ನಾಯಕನಾಗಿದ್ದವನು. ಓಡುವಂತಿಲ್ಲ, ಹಿಂದೆ ನೋಡಲು ಬಂದ ಸುತ್ತಲಿನ ಹಳ್ಳಿಯ ಜನ. ಮುಖ ತಿರುಗಿಸುವಂತಿಲ್ಲ, ಸಾವಧಾನ್ ನಿಂತಿದ್ದಾನೆ.

ಕ್ಯಾಪ್ಟನ್ ಒಬ್ಬೊಬ್ಬರಿಗೇ ಪದಕ ಚುಚ್ಚುತ್ತ ಬಂದು ಇವನ ಎದುರು ನಿಂತ. ಮ್ಯಾನೇಜರು "ಬಾರ್ಟ್ಲಿ ಗೆರಟಿ" ಎಂದು ಕೂಗಿದ. ಕ್ಯಾಪ್ಟನ್ನನ ಕೈ ಅರ್ಧಕ್ಕೇ ನಿಂತಿತು. ತುಂಬ ಹೊತ್ತು ಮುಖ ನೋಡಿದ. ಆಮೇಲೆ ಪದಕ ಚುಚ್ಚಿ, ಸೆಲ್ಯೂಟ್ ಹೊಡೆದು ಮುಂದೆ ಹೋದ. ಜನ ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದು ಜನ ಚಹಾಕ್ಕೆ ನುಗ್ಗಿದಾಗ ಕ್ಯಾಪ್ಟನ್ ಅವನನ್ನು ಹೆಂಟೆಯ ರಾಶಿಯ ಹಿಂದಕ್ಕೆ ಕರೆದ.

"ನಿನ್ನ ಸೇತುವೆ ಮೇಲೆ ಕಾವಲಿಗೆ ಹಾಕಿದ್ದು ನಾನು. ಬೆಳಿಗ್ಗೆ ಬಂದು ನೋಡಿದ್ರೆ ಸೇತುವೆ ಇತ್ತು, ನೀನಿರಲಿಲ್ಲ."

"ತಪ್ಪಾಯ್ತು ಸಾರ್."

"ಎಲ್ಲಿದ್ದೆ?"

"ಕಸೀನೋ ಸಾರ್."

ಕ್ಯಾಪ್ಟನ್ ಸಿಗರೇಟು ಹಚ್ಚಿದ. "ನೀವೆಲ್ಲ ಹೋದ್ರಿ. ಉಳಿದ ಹುಡುಗರ ಕೈಲಿ ಸರಿಯಾದ ಬಂದೂಕೂ ಇರಲಿಲ್ಲ. ಜರ್ಮನ್ನರು ಬಂದಿದ್ರೆ ನಾನು ಸನಿಕೆ ಹಿಡ್ಕೊಂಡು ಎದುರು ನಿಲ್ಬೇಕಿತ್ತು. ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ನಮ್ಮನ್ನ ನೋಡಿ ನಗ್ತಾರೆ, ನಿಮ್ಮನ್ನ ನೋಡಿ ಉಗೀತಾರೆ."

"ನಾನು ಇವತ್ತೇ ಹೊರಟು ಹೋಗ್ತೀನಿ ಸಾರ್. ನಿಜ ಹೇಳಿ ಹೋಗ್ತೀನಿ."

"ಯಾರಿಗೆ ಹೇಳ್ತೀಯ?" ಕ್ಯಾಪ್ಟನ್ ದನಿ ತಗ್ಗಿಸಿ ಗದರಿದ. "ಊರೆಲ್ಲ ನೋಡೋ ಹಾಗೆ, ಓಡಿಹೋದೋನ ಎದೆಗೆ ಪದಕ ಚುಚ್ಚಿದೋನು ಯಾರು? ನಾನು. ಗುರುತು ಸಿಕ್ಕಿಯೂ ಚುಚ್ಚಿದೆ. ಯಾಕೆ ಅಂತ ನನ್ನ ಕೇಳ್ಬೇಡ. ಹೆಂಡತಿ ಮಕ್ಕಳು ಇದಾರಾ?"

"ಒಬ್ಬಳು ಮಗಳು ಸಾರ್."

"ನನಗೆ ಮೂವರು. ಇನ್ಮೇಲೆ ಫಿಂಟನ್ ಅನ್ನೋನು ಇಲ್ಲ. ತಿಳೀತಾ? ಅವನೇನಾದ್ರೂ ತಲೆ ಎತ್ತಿದ್ರೆ ಇಬ್ಬರೂ ಮುಳುಗ್ತೀವಿ. ಬಾರ್ಟ್ಲಿ ಆಗಿ ಬದುಕು."

ಹೇಳಿಹೋದ ಮಾತು ಕರುಣೆಯದೇ. ಆದರೆ ಫಿಂಟನ್‌ಗೆ ಹೊರಗಿನಿಂದ ಯಾರೋ ಚಿಲಕ ಹಾಕಿಕೊಂಡು ಹೋದಂತಾಯಿತು. ಅಲ್ಲಿಯವರೆಗೆ ಏಳು ವರ್ಷ ಮುಗಿದ ದಿನ ನಿಜ ಹೇಳಿ ತನ್ನ ಹೆಸರಿಗೆ ಮರಳುವೆನೆಂದುಕೊಂಡಿದ್ದ. ಈಗ ಆ ದಿನವೂ ಹೋಯಿತು.

ಆ ಸಂಜೆ ಹೆಂಡದಂಗಡಿಯಲ್ಲಿ ಕಾನ್ ಎದ್ದು ನಿಂತು, "ಮನೇಲೇ ಉಳಿದೋರಿಗೆ!" ಎಂದು ಲೋಟ ಎತ್ತಿದ. ಎಲ್ಲರೂ ಎತ್ತಿದರು. ಫಿಂಟನ್ನೂ ಎತ್ತಿ ಕುಡಿದ. ಮಾಸಿ ಲೇಸಿ ತನ್ನ ಲೋಟವನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದ. ಮುಂದೆ ಕಾಲುವೆಯಲ್ಲಿ ಎದುರಾದರೂ ಅವನು ಮಗಾ ಎನ್ನಲಿಲ್ಲ. ಉಳಿದವರಂತೆ ಅವನೂ ಬಾರ್ಟ್ಲಿ ಎಂದೇ ಕರೆದ.

ಎರಡು ವರ್ಷದ ಮೇಲೆ ನೋರೀನಳ ತಾಯಿ ತೀರಿಕೊಂಡಳು. ಕೆಲಸಗಾರರಿಗೆಂದು ಕಟ್ಟಿದ ಹೊಸ ಮನೆಗಳಲ್ಲಿ ಒಂದು ಬಾರ್ಟ್ಲಿ ಗೆರಟಿಗೆ ಸಿಕ್ಕಿತು. ನೋರೀನ್ ಮಗಳು ಡಿಂಪ್ನಾಳ ಕೈ ಹಿಡಿದು ಬಸ್ಸಿಳಿದಳು. ಹೊಸ ಮನೆಯ ಬಾಗಿಲು ಹಾಕಿಕೊಂಡ ಮೇಲೆ, "ಒಳಗಾದ್ರೂ ನಿನ್ನ ಹೆಸರಲ್ಲೇ ಕರೀತೀನಿ," ಎಂದಳು.

"ಬೇಡ. ಮಗು ಕೇಳಿಸ್ಕೊಳ್ಳುತ್ತೆ. ಶಾಲೇಲಿ ಹೇಳುತ್ತೆ."

"ನಾನು ಮದುವೆ ಆಗಿದ್ದು ಬಾರ್ಟ್ಲಿನ ಅಲ್ಲ," ಎಂದಳು ನೋರೀನ್. ಆ ರಾತ್ರಿ ಅವಳು ಅವನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

ಮರುವರ್ಷ ಮಗ ಹುಟ್ಟಿದ. ದೀಕ್ಷಾಸ್ನಾನಕ್ಕೆ ಕಾನ್ ಟ್ವೋಮಿಯೇ ಮಗುವಿನ ಹೊಣೆ ಹೊರುವ ಜ್ಞಾನಪಿತನಾಗಿ ನಿಂತ. ಪಾದ್ರಿ ತಂದೆಯ ಹೆಸರು ಕೇಳಿದರು. ದೇವರ ಮನೆ, ಎದುರಿಗೆ ಪವಿತ್ರ ಜಲ. ನೋರೀನ್ ಅವನನ್ನೇ ನೋಡುತ್ತಿದ್ದಳು.

"ಬಾರ್ಟ್ಲಿ," ಎಂದ ಅವನು.

"ಮಗುವಿನ ಹೆಸರು?"

ಗಂಡನ ಅಪ್ಪನ ಹೆಸರಿಡುವುದೆಂದು ಮನೆಯಲ್ಲಿ ಮಾತಾಗಿತ್ತು. ನೋರೀನ್ ಅವನಿಗೆ ಬಾಯಿ ತೆರೆಯಲು ಬಿಡದೆ, "ಫಿಂಟನ್," ಎಂದುಬಿಟ್ಟಳು.

"ಒಳ್ಳೇ ಹೆಸರು," ಎಂದ ಕಾನ್. "ನಿಮ್ಮ ಮನೇಲಿ ಯಾರದಾದ್ರೂ ಇತ್ತಾ?"

"ಇದ್ದ ಒಬ್ಬ. ಯುದ್ಧದಲ್ಲಿ ಹೋದ," ಎಂದಳು ನೋರೀನ್.

ಮಗು ಓಡಾಡುವಂತಾದ ಮೇಲೆ ನೋರೀನ್ ಸಂಜೆಗಳಲ್ಲಿ ಬಾಗಿಲಲ್ಲಿ ನಿಂತು ಫಿಂಟನ್, ಫಿಂಟನ್ ಎಂದು ಕೂಗುತ್ತಿದ್ದಳು. ಕೆಲಸದಿಂದ ಬರುವ ಗುಂಪಿನ ನಡುವೆ ನಡೆದು ಬರುತ್ತಿದ್ದವನ ತಲೆ ಪ್ರತಿಸಲ ಅತ್ತ ಹೊರಳುತ್ತಿತ್ತು. ತಿರುಗದೆ ಇರುವುದನ್ನು ಕಲಿಯಲು ಅವನಿಗೆ ಬಹಳ ಕಾಲ ಹಿಡಿಯಿತು.