ಒಂದು ಗುಡಿಸು ಬಾಕಿ

"ಒಳಗೆ ಯಾರ್ರೀ ಅದು?"

ಹೆಂಡತಿ ಬಚ್ಚಲಮನೆಯ ಬಾಗಿಲು ಬಡಿದಾಗ ಗಿಳಿ ಕನ್ನಡಿಯ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದ. ಕೆನ್ನೆಗೆ ಹಚ್ಚಿದ್ದ ಸಾಬೂನಿನ ನೊರೆ ಆಗಲೇ ಒಣಗಿ ಬಿರುಕು ಬಿಟ್ಟಿತ್ತು.

"ನಾನೇ ಕಣೇ. ಇನ್ಯಾರಿರ್ತಾರೆ ಇಲ್ಲಿ?"

"ಟ್ರಂಕ್ ಕಾಲ್ ಮಾವ ಮಾತಾಡಿದ ಹಾಗೆ ಕೇಳಿಸ್ತು. ಪಾಪ, ಸತ್ತವರು ಬಂದು ಸ್ನಾನ ಮಾಡ್ತಿದ್ದಾರೇನೋ ಅಂದ್ಕೊಂಡೆ."

ಗಿಳಿ ಹಣೆ ಚಚ್ಚಿಕೊಂಡ. ಅವನು ಕರೆಯುತ್ತಿದ್ದದ್ದು ಈ ವರ್ಷ ತೀರಿಕೊಂಡ ಗೆಳೆಯ ಏಕವಚನನ ದನಿಯನ್ನು. ಬೆಳಗಿನಿಂದ ಅದು ಒಮ್ಮೆ ಟ್ರಂಕ್ ಕಾಲ್ ಮಾವನಾಗಿ, ಒಮ್ಮೆ ಹಾಲು ಹಾಕುವವನಾಗಿ, ಒಮ್ಮೆ ಗಿಳಿಯ ಸ್ವಂತ ಸೋದರತ್ತೆಯಾಗಿ ಗಂಟಲಿನಿಂದ ಹೊರಬಿದ್ದಿತ್ತು. ಕರೆಯದವರೆಲ್ಲ ಬಂದರು; ಕರೆದವನೊಬ್ಬ ಬರಲಿಲ್ಲ. ಅವನ ಮುಖ ಕಣ್ಣ ಮುಂದಿತ್ತು, ಮೂಗಿನ ತುದಿಗೆ ಜಾರುವ ಕನ್ನಡಕವಿತ್ತು, ನಗುವಾಗ ಕುಣಿಯುವ ಭುಜಗಳಿದ್ದವು. ಟೆಂಟಿನಲ್ಲಿ ಸೌಂಡು ಕೈಕೊಟ್ಟ ಸಿನಿಮಾದ ಹಾಗೆ ಚಿತ್ರ ಮಾತ್ರ ಓಡುತ್ತಿತ್ತು.

ಊರಿನವರ ದನಿಯನ್ನೆಲ್ಲ ಗಂಟಲಲ್ಲಿ ಬಾಡಿಗೆಗಿಟ್ಟುಕೊಂಡಿದ್ದ ಗಿಳಿಗೆ ಇದು ಸಣ್ಣ ಪೇಚಾಗಿರಲಿಲ್ಲ. ಮಧ್ಯಾಹ್ನವೇ ಎಕ್ಸ್‌ಚೇಂಜಿನವರ ಸಭೆ. ಏಕವಚನನ ಹೆಂಡತಿಯೂ ಬರುತ್ತೇನೆ ಎಂದಿದ್ದರು.

ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿ ಯಾವ ಕಾಲವಾಯಿತೋ. ನಂಬರು ತಿರುಗಿಸಿದರೆ ಕರೆ ತಾನಾಗಿಯೇ ಹೋಗುವ ಯಂತ್ರ ಬಂದ ಮೇಲೆ, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಬೋರ್ಡಿನ ತೂತಿಗೆ ವೈರು ಚುಚ್ಚಿ ಇಬ್ಬರ ಮಾತು ಕೂಡಿಸುತ್ತಿದ್ದ ಆಪರೇಟರುಗಳನ್ನು ಇಲಾಖೆ ಬೇರೆ ಬೇರೆ ಕುರ್ಚಿಗಳಿಗೆ ಹಂಚಿಬಿಟ್ಟಿತ್ತು. ಈಗ ಎಲ್ಲರೂ ನಿವೃತ್ತರು. ಆದರೂ ವರ್ಷಕ್ಕೊಂದು ಭಾನುವಾರ ಹಳೆಯ ಕಟ್ಟಡದ ಹಿಂಭಾಗದ ಹಾಲಿನಲ್ಲಿ ಸೇರಿ, ಆ ವರ್ಷ ತೀರಿಕೊಂಡವರನ್ನು ನೆನೆಯುತ್ತಿದ್ದರು. ಭಾಷಣವಿಲ್ಲ, ಹಾರವಿಲ್ಲ, ಎದ್ದು ನಿಂತು ಮೌನ ಆಚರಿಸುವುದಂತೂ ಇಲ್ಲವೇ ಇಲ್ಲ. "ಜೀವಮಾನ ಪೂರ್ತ ಮಾತು ಮಾರಿ ಅನ್ನ ತಿಂದವರು ನಾವು, ಸತ್ತ ಮೇಲೆ ಮೌನ ಯಾಕೆ?" ಎಂದು ಈ ಪದ್ಧತಿ ಹಾಕಿಕೊಟ್ಟವನೇ ಏಕವಚನ. ಮೇಜಿನ ಮೇಲೆ ಒಂದು ಕಪ್ಪು ಫೋನು. ಅದರ ವೈರು ಎಲ್ಲಿಗೂ ಹೋಗುವುದಿಲ್ಲ. ಗಿಳಿ ರಿಸೀವರ್ ಎತ್ತಿ ತೀರಿಕೊಂಡವರ ದನಿಯಲ್ಲಿ ಒಂದೆರಡು ಮಾತಾಡಬೇಕು, ಮನೆಯವರು ಕೇಳಬೇಕು. ಅದಕ್ಕೆ ಕೊನೇ ಕಾಲ್ ಎಂದು ಹೆಸರು.

ಏಕವಚನನಿಗೆ ಆ ಹೆಸರು ಅಂಟಿದ್ದು ಅವನ ನಾಲಿಗೆಯ ದೆಸೆಯಿಂದ. ಅವನ ಬಾಯಲ್ಲಿ ಇ-ಕಾರದ ಗುಡಿಸು ನಿಲ್ಲುತ್ತಿರಲಿಲ್ಲ, ಎಷ್ಟೋ ಸಲ ಜಾರಿ ಬಿದ್ದುಹೋಗುತ್ತಿತ್ತು. 'ಹೇಳಿ' ಎಂದರೆ 'ಹೇಳ', 'ಫೋನ್ ಇಡಬೇಡಿ' ಎಂದರೆ 'ಫೋನ್ ಇಡಬೇಡ'. ಮನಸ್ಸಿನಲ್ಲಿ ಬೆಟ್ಟದಷ್ಟು ಮರ್ಯಾದೆ, ಬಾಯಲ್ಲಿ ಮಾತ್ರ ಊರಿಗೆಲ್ಲ ಏಕವಚನ. ಒಮ್ಮೆ ನ್ಯಾಯಾಧೀಶರೊಬ್ಬರಿಗೆ "ಸ್ವಲ್ಪ ತಡ್ಕೊಳ್ಳ, ಎಲ್ಲೂ ಹೋಗಬೇಡ" ಎಂದುಬಿಟ್ಟ. ಆಪರೇಟರು ತಮ್ಮನ್ನು ಏಕವಚನದಲ್ಲಿ ಮಾತಾಡಿಸಿದನೆಂದು ಅವರು ದೂರು ಕೊಟ್ಟರು. ಸೂಪರ್‌ವೈಸರ್ ಮೇಡಂ ಕರೆದು ವಿಚಾರಿಸಿದಾಗ ಅವನು ಕೈಕಟ್ಟಿಕೊಂಡು, "ನಾನು ಬಹುವಚನವೇ ಕಳಿಸಿದ್ದು ಮೇಡಂ, ದಾರೀಲ ಎಲ್ಲೋ ಗುಡಿಸು ಉದುರರಬೇಕು" ಎಂದ. ಅವತ್ತು ಇಡೀ ಎಕ್ಸ್‌ಚೇಂಜು ನಕ್ಕಿತು. ಮೇಡಂ ನಗಲಿಲ್ಲ. ಮೇಡಂ ನಕ್ಕದ್ದನ್ನು ಕಂಡವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಗಿಳಿ ಹಾಲಿಗೆ ಬಂದಾಗ ಲೈನ್‌ಮನ್ ಸ್ಟೂಲಿನ ಮೇಲೆ ನಿಂತು ಬಟ್ಟೆಯ ಬ್ಯಾನರ್ ಕಟ್ಟುತ್ತಿದ್ದ. ಕಂಬ ಹತ್ತಿದ ಅಭ್ಯಾಸ, ಈ ವಯಸ್ಸಿನಲ್ಲೂ ಒಂದೇ ಕಾಲ ಮೇಲೆ ನಿಂತಿದ್ದ. ನೆಲದ ಮೇಲೆ ಹಿಂದೆ ಬೋರ್ಡುಗಳಿದ್ದ ಜಾಗ ಇನ್ನೂ ಚೌಕಚೌಕವಾಗಿ ಕಾಣುತ್ತಿತ್ತು. ತಮಗೇ ಗೊತ್ತಿಲ್ಲದೆ ಎಲ್ಲರೂ ಕುರ್ಚಿಗಳನ್ನು ತಂತಮ್ಮ ಹಳೆಯ ಚೌಕದ ಎದುರೇ ಹಾಕಿಕೊಂಡಿದ್ದರು. ಗಿಳಿಯ ಪಕ್ಕದ, ಏಕವಚನನ ಚೌಕ ಖಾಲಿ.

ಬ್ಯಾನರಿನ ಮೇಲೆ ನೀಲಿ ಬಣ್ಣದ ದಪ್ಪ ಅಕ್ಷರಗಳು: ಅಗಲದ ಗೆಳೆಯರಿಗೆ.

ಮೊದಲ ವರ್ಷ ಇದನ್ನು ಬರೆದವನೂ ಏಕವಚನನೇ. 'ಅಗಲಿದ' ಎಂದು ಬರೆಯಲು ಹೋಗಿ, ಬಾಯಲ್ಲಿ ಬಂದದ್ದನ್ನೇ ಕೈಯಲ್ಲೂ ಬರೆದಿದ್ದ. ಪ್ರತಿ ವರ್ಷ ಮೇಡಂ ಕನ್ನಡಕ ಏರಿಸಿ, "ಲ ಅಕ್ಷರಕ್ಕೆ ಗುಡಿಸು ಬಿಟ್ಟಿದ್ದೀರಲ್ರೀ" ಎನ್ನುವರು. ಅವನು ಪ್ರತಿ ವರ್ಷ, "ಮೊದಲು ಸಭೆ ಮುಗೀಲ ಮೇಡಂ, ಆಮೇಲೆ ಗುಡಿಸೋಣ" ಎನ್ನುವನು. ಟ್ರಂಕ್ ಕಾಲ್ ಮಾವ ತನ್ನ ಹೊಟ್ಟೆ ತಟ್ಟಿಕೊಂಡು, "ಇಲ್ಲಿ ಅಗಲದ ಗೆಳೆಯ ನಾನೊಬ್ಬನೇ! ಮಿಕ್ಕವರೆಲ್ಲ ಬರೀ ಉದ್ದದವರು!" ಎಂದು ಪಕ್ಕದ ಬೀದಿಗೂ ಕೇಳುವಂತೆ ಕೂಗುವನು.

ಈ ವರ್ಷ ಮೇಡಂ ಸಿದ್ಧವಾಗಿಯೇ ಬಂದಿದ್ದರು. ಕೈಚೀಲದಿಂದ ನೀಲಿ ಬಣ್ಣದ ಪುಟ್ಟ ಡಬ್ಬಿಯನ್ನೂ ಒಂದು ಕುಂಚವನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಏನ್ರೀ ಗಿಳಿ, ಈ ಸಲ ಅದನ್ನ ಸರಿ ಮಾಡಿಬಿಡಿ. ಅವರ ನೆನಪಿಗಾದ್ರೂ ಸರಿಯಾಗಿರಲಿ."

"ಆಗಲಿ ಮೇಡಂ" ಎಂದ ಗಿಳಿ. ಅವನ ಕಣ್ಣು ಬಾಗಿಲ ಕಡೆಗಿತ್ತು.

ಏಕವಚನನ ಹೆಂಡತಿ ಬಂದರು. ಹೂವಿನ ಚಿತ್ರದ ಸೀರೆ, ಕೈಯಲ್ಲಿ ಬಿಸ್ಕತ್ತಿನ ದೊಡ್ಡ ಪೊಟ್ಟಣ. ಖಾಲಿ ಚೌಕದ ಮುಂದಿನ ಕುರ್ಚಿ ಎಳೆದುಕೊಂಡು ಗಿಳಿಯ ಪಕ್ಕದಲ್ಲೇ ಕೂತರು.

"ಚೆನ್ನಾಗಿದ್ದೀರಾ ಅತ್ತಿಗೆ?"

"ಇದ್ದೀನಿ. ಮನೇಲಿ ರೇಡಿಯೋ ಹಾಕ್ಕೊಂಡಿರ್ತೀನಿ. ಅದಕ್ಕೆ ಎದುರುತ್ತರ ಕೊಡೋರಿಲ್ಲ, ಅಷ್ಟೇ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಫೋನಿಗಾಗೇ ಬಂದಿದ್ದೀನಿ ನೋಡಿ. ಅವರ ದನಿ ಕೇಳಿ ಎಷ್ಟು ದಿನ ಆಯ್ತು. ಇನ್ಯಾವುದೂ ಬೇಡ, ಅದೊಂದು ಸಲ" ಎಂದರು.

ಗಿಳಿ ಎದ್ದು ಎರಡು ಲೋಟ ನೀರು ಕುಡಿದ.

ಮೊದಲ ಕಾಲ್ ಟ್ರಂಕ್ ಕಾಲ್ ಮಾವನದು. ದೂರದೂರಿನ ಕರೆ ಕೂಡಿಸಿ ಕೂಡಿಸಿ, ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿಯೇ ಮಾತಾಡುತ್ತಿದ್ದ ಮನುಷ್ಯ. ಗಿಳಿ ರಿಸೀವರನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು, "ಹಲೋ! ನಾನು ಗುಟ್ಟಾಗಿ ಒಂದು ವಿಷಯ ಹೇಳ್ತೀನಿ! ಯಾರಿಗೂ ಹೇಳಬೇಡಿ!" ಎಂದು ಅಬ್ಬರಿಸಿದ. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ಮಾವನ ಮಗ ಬಿದ್ದು ಬಿದ್ದು ನಕ್ಕು, "ನನ್ನ ಮದುವೆ ಮಾತುಕತೆ ಹೀಗೇ ಊರಿಗೆಲ್ಲ ಗೊತ್ತಾಗಿದ್ದು" ಎಂದು ಕಣ್ಣೊರೆಸಿಕೊಂಡ.

ಎರಡನೆಯದು ನಂಬರ್ ಅಕ್ಕನದು. ಊರಿನವರ ಫೋನ್ ನಂಬರುಗಳೆಲ್ಲ ಬಾಯಿಪಾಠ, ಹೆಸರು ಮಾತ್ರ ಒಂದೂ ನೆನಪಿರದ ಹೆಂಗಸು. ಗಿಳಿ ಮೂಗಿನಲ್ಲೇ ರಾಗ ಎಳೆದ: "ಎರಡು ಏಳು ಮೂರು ಬಂದ್ರೇನೇ? ಅವರಿಗೆ ಸಕ್ಕರೆ ಜಾಸ್ತಿ ಹಾಕು. ನಾಲ್ಕು ಸೊನ್ನೆ ಒಂದು ಯಾಕೆ ಮುಖ ಊದಿಸ್ಕೊಂಡಿದ್ದಾರೆ?" ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನ ಅಳಿಯ ಎದ್ದು ನಿಂತು, "ನಾಲ್ಕು ಸೊನ್ನೆ ಒಂದು ನಾನೇ! ಅತ್ತೆಗೆ ಕೊನೇವರೆಗೂ ನನ್ನ ಹೆಸರು ಗೊತ್ತಿರಲಿಲ್ಲ" ಎಂದಾಗ ಹಾಲಿಗೆ ಹಾಲೇ ಉಕ್ಕಿದ ಹಾಗೆ ನಗು.

ಮೂರನೆಯದು.

ಗಿಳಿ ರಿಸೀವರ್ ಎತ್ತಿದ. "ಹಲೋ" ಎಂದ. ಅದು ಗಿಳಿಯದೇ ದನಿ. ಕೆಮ್ಮಿ ಇನ್ನೊಂದು ಸಲ "ಹಲೋ" ಎಂದ. ಈ ಸಲ ಹಾಲು ಹಾಕುವವನು. ಯಾರೋ ಒಬ್ಬರು ನಕ್ಕು, ತಪ್ಪಾಯಿತೆಂದು ತಿಳಿದು ಸುಮ್ಮನಾದರು. ಹಾಲಿನಲ್ಲಿ ಮೊದಲ ಬಾರಿಗೆ ಮೌನ. ಏಕವಚನನಿಗೆ ಬೇಡವಾಗಿದ್ದ ಆ ಮೌನ ಅವನ ಪಾಲಿಗೇ ಬಂದಿತ್ತು.

ಗಿಳಿ ರಿಸೀವರ್ ಕೆಳಗಿಟ್ಟ. "ಬರ್ತಿಲ್ಲ ಅತ್ತಿಗೆ. ಅವನ ದನಿ ಸಿಗ್ತಾನೇ ಇಲ್ಲ ನನಗೆ. ಹೋದಾಗಿಂದ ಹುಡುಕ್ತಿದ್ದೀನಿ."

ಅವರು ಒಂದು ಕ್ಷಣ ಫೋನನ್ನೇ ನೋಡಿದರು. ಆಮೇಲೆ ಬಿಸ್ಕತ್ತಿನ ಪೊಟ್ಟಣ ಬಿಡಿಸುತ್ತ, "ಎಂಗೇಜ್ ಇರಬೇಕು. ಸ್ವಲ್ಪ ಬಿಟ್ಟು ಮಾಡಿ" ಎಂದರು.

ಲೈನ್‌ಮನ್ ಚಹಾ ಹಂಚಿದ. ಗಿಳಿ ಲೋಟ ಹಿಡಿದು ತಲೆ ತಗ್ಗಿಸಿ ಕೂತ. ಅವನ ಮುಜುಗರ ಹಗುರ ಮಾಡಲೆಂದೋ ಏನೋ, ಅತ್ತಿಗೆ ಎಲ್ಲರಿಗೂ ಕೇಳುವಂತೆ ಹೇಳತೊಡಗಿದರು. "ಆ ಜಡ್ಜ್ ಸಾಹೇಬ್ರ ಗಲಾಟೆ ಆಯ್ತಲ್ಲ, ಅವತ್ತಿಂದ ಮನೇಲಿ ಪ್ರಾಕ್ಟೀಸು. ಯಾರ ಮೇಲೆ? ನನ್ನ ಮೇಲೆ. ದಿನಾ ಎದುರಿಗೆ ಕೂರಿಸ್ಕೊಂಡು 'ಬನ್ನಿ, ಕೂತ್ಕೊಳ್ಳಿ, ನೀರು ಕೊಡಿ' ಅಂತ. ಒಂದೊಂದು ಗುಡಿಸೂ ಒತ್ತಿ ಒತ್ತಿ. ಆಫೀಸಿಗೆ ಹೋದ್ರೆ ಮತ್ತೆ ಮಾಮೂಲು. ಆದ್ರೆ ಮನೇಲಿ ಮಾತ್ರ ಅದೇ ಉಳ್ಕೊಂಡುಬಿಡ್ತು. ನಮ್ಮತ್ತೆ ಕೇಳೋರು, ಇದೇನೋ, ಅಮ್ಮಂಗೆ 'ನೀನು', ಹೆಂಡ್ತಿಗೆ 'ನೀವು' ಅಂತ. ಊರಿಗೆಲ್ಲ ಏಕವಚನ, ನನಗೊಬ್ಬಳಿಗೇ ಬಹುವಚನ."

"ಅಲ್ಲಿಗೆ ಗುಡಿಸೆಲ್ಲ ಮನೇಲೇ ಖರ್ಚಾಗ್ತಿತ್ತು ಅನ್ನಿ" ಎಂದ ಲೈನ್‌ಮನ್.

ಮೇಡಂ ಚಹಾದ ಲೋಟ ಕೆಳಗಿಟ್ಟರು. "ಗಿಳಿ, ಲೈನ್ ಸಿಗೋವರೆಗೆ ಆ ಅಕ್ಷರ ಆದ್ರೂ ಸರಿ ಮಾಡ್ರೀ."

ಸುಮ್ಮನೆ ಕೂರುವುದಕ್ಕಿಂತ ಅದೇ ವಾಸಿ ಎನಿಸಿತು ಗಿಳಿಗೆ. ಕುಂಚ ಅದ್ದಿಕೊಂಡು ಸ್ಟೂಲು ಹತ್ತಿದ. ಮೂಗಿನ ಹತ್ತಿರವೇ ನೀಲಿ ಅಕ್ಷರಗಳು. ಲ ಅಕ್ಷರದ ಹೊಟ್ಟೆ ಒಂದಿಷ್ಟು ಉಬ್ಬಿತ್ತು. ಅವತ್ತು ಏಕವಚನ ನೆಲದ ಮೇಲೆ ಬೋರಲು ಮಲಗಿ, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಬರೆಯುತ್ತ ಒಂದೊಂದೇ ಅಕ್ಷರ ಓದುತ್ತಿದ್ದದ್ದು ನೆನಪಾಯಿತು. ಗುಡಿಸು ಎಲ್ಲಿಂದ ಎಳೆಯಬೇಕೆಂದು ನೋಡುತ್ತ ಗಿಳಿಯೂ ಹಾಗೇ, ಅವನು ಓದುತ್ತಿದ್ದ ಹಾಗೆಯೇ ಓದಿದ.

"ಅಗಲದ... ಗೆಳೆಯರಗೆ..."

ಹಿಂದೆ ಯಾರದೋ ಲೋಟ ತಟ್ಟೆಗೆ ತಾಗಿ ಸದ್ದಾಯಿತು.

ಮೇಡಂ ಎಷ್ಟೋ ವರ್ಷಗಳ ಅಭ್ಯಾಸದಲ್ಲಿ, "ಅಗಲದ ಅಲ್ಲ ಕಣ್ರೀ, ಅಗಲಿದ!" ಎಂದರು.

"ಇರಲ ಬಿಡ ಮೇಡಂ" ಎಂದಿತು ಸ್ಟೂಲಿನ ಮೇಲಿನ ದನಿ. "ಒಂದು ಗುಡಿಸಿಗೆ ಯಾಕೆ ಅಷ್ಟು ಬೇಜಾರು ಮಾಡ್ಕೊಳ್ತೀರ? ಚಾ ಕುಡಿ... ಕುಡ..."

"ಹಿರಿಯರ ಹತ್ರ ಹಾಗೇನ್ರೀ ಮಾತಾಡೋದು?"

"ನಾನು ಬಹುವಚನವೇ ಕಳಿಸಿದ್ದು, ಮೇಡಂ. ದಾರೀಲ ಎಲ್ಲೋ..."

ಗಿಳಿ ತಿರುಗಲಿಲ್ಲ. ತಿರುಗಿದರೆ ದನಿ ಹಾರಿಹೋದೀತೆಂದು ಕುಂಚವನ್ನು ಹಾಗೇ ಎತ್ತಿ ಹಿಡಿದು, ಬಟ್ಟೆಯ ಕಡೆಗೇ ಮುಖ ಮಾಡಿ ನಿಂತ. ಬಣ್ಣ ಒಂದೊಂದೇ ಹನಿಯಾಗಿ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಹಿಂದುಗಡೆ ಕುರ್ಚಿ ಸರಿದ ಸದ್ದು. ಹೆಜ್ಜೆ. ರಿಸೀವರ್ ಎತ್ತಿದ ಸದ್ದು.

"ಹಲೋ" ಎಂದರು ಅತ್ತಿಗೆ. "ಕೇಳಿಸ್ತಾ ಇದೆ. ಮಾತಾಡಿ."

ಈಗ ಬಂದ ಮಾತು ನಿಧಾನವಾಗಿ, ಒಂದೊಂದು ಗುಡಿಸನ್ನೂ ಎರಡು ಕೈಯಲ್ಲಿ ಹಿಡಿದು ತಂದು ಇಟ್ಟ ಹಾಗೆ ಬಂತು.

"ಊಟ ಮಾಡಿ. ಹೊತ್ತಿಗೆ ಸರಿಯಾಗಿ ಮಲಗಿ. ರೇಡಿಯೋ ಸಣ್ಣಗೆ ಹಾಕಿ, ಪಕ್ಕದ ಮನೆಯವರು ಬೈತಾರೆ."

"ಬೈಲಿ ಬಿಡಿ" ಎಂದರು ಅತ್ತಿಗೆ, ನಗುತ್ತ.

"ಲೈನಲ್ಲೇ ಇರಿ."

"ಇದ್ದೀನಿ."

ಆಮೇಲೆ ರಿಸೀವರ್ ಕೂತ ಸದ್ದು ಕೇಳಿಸಿತು. ಗಿಳಿ ತಿರುಗಿದಾಗ ಅತ್ತಿಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಲೈನ್ ಬಹಳ ಕ್ಲಿಯರ್ ಇತ್ತು. ಇನ್ನೊಂದು ಲೋಟ ಚಹಾ ಇದೆಯೇನ್ರೀ?" ಎಂದು ಲೈನ್‌ಮನ್‌ನನ್ನು ಕೇಳಿದರು.

ಸಭೆ ಮುಗಿಯಿತು ಎಂದು ಯಾರೂ ಹೇಳಲಿಲ್ಲ. ಮಾತು ಮುಗಿಯದೆ, ಬಾಗಿಲಲ್ಲಿ ನಿಂತು, ಮೆಟ್ಟಿಲ ಮೇಲೆ ನಿಂತು, ಗೇಟಿನ ಹತ್ತಿರ ನಿಂತು, ಹಾಗೇ ಒಬ್ಬೊಬ್ಬರಾಗಿ ಹೋದರು. ಹಾಲಿನಲ್ಲಿ ಗಿಳಿಯೂ ಮೇಡಮ್ಮೂ ಉಳಿದರು. ನೆಲದ ತುಂಬ ಬಿಸ್ಕತ್ತಿನ ಚೂರು. ಗಿಳಿ ಒಣಗತೊಡಗಿದ್ದ ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿ ಸ್ಟೂಲಿನ ಮೇಲೆ ಕಾಲಿಟ್ಟ.

"ಇಳೀರಿ" ಎಂದರು ಮೇಡಂ.

ಅವರು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ ಕೈಚೀಲಕ್ಕೆ ಹಾಕಿಕೊಂಡರು. ಬಾಗಿಲ ಮೂಲೆಗೆ ಹೋದರು. ಅಲ್ಲಿ ಒರಗಿಸಿಟ್ಟಿದ್ದ ಪೊರಕೆ ತಂದು ಗಿಳಿಯ ಕೈಗೆ ಕೊಟ್ಟರು.

"ಸಭೆ ಮುಗೀತಲ್ಲ" ಎಂದರು. "ಗುಡಿಸು ಒಂದು ಬಾಕಿ ಇತ್ತು."

ಗಿಳಿ ಪೊರಕೆಯನ್ನು ನೋಡಿದ, ಮೇಡಂ ಮುಖ ನೋಡಿದ. ಅವರು ಆಗಲೇ ಬೆನ್ನು ತಿರುಗಿಸಿ ಕುರ್ಚಿ ಮಡಚತೊಡಗಿದ್ದರು. ಭುಜಗಳು ಮಾತ್ರ ಸಣ್ಣಗೆ ಕುಣಿಯುತ್ತಿದ್ದವು.

ಅವನು ಪಕ್ಕದ ಖಾಲಿ ಚೌಕದಿಂದ ಗುಡಿಸಲು ಶುರು ಮಾಡಿದ. ಮೇಲೆ ಬ್ಯಾನರು ಫ್ಯಾನಿನ ಗಾಳಿಗೆ ಒಂದು ಸಲ ಉಬ್ಬಿ, ಮತ್ತೆ ಗೋಡೆಗೆ ಒರಗಿತು.