ಹಲ್ಲಿನ ಗುರುತು

“ಬಾನೆಟ್ ಮುಚ್ಚು. ಸಾಲಿ ಅಂತೂ ಕಲೀಲಿಲ್ಲ, ಉಂಡ ಮನಿ ಋಣಾನೂ ಕಲೀಲಿಲ್ಲ ನೀ. ನಾಲ್ಕ ಮಂದಿ ಮುಂದ ನಮ್ಮಪ್ಪಗ ಕಿವುಡ ಅಂದಾಂವ, ಇವತ್ತ ಯಾವ ಮುಖ ತಗೊಂಡು ಬಂದಿ?”

ಕಾಂತು ಹೀಗೆ ಅಂದದ್ದೇ ತಡ, ಬೇವಿನ ಮರದ ಕೆಳಗೆ ಕೂತವರೆಲ್ಲ ಇತ್ತ ತಿರುಗಿದರು. ಭಜನೆಯವರ ತಾಳವೂ ಒಂದು ಗಳಿಗೆ ತಪ್ಪಿತು. ಕಾರಿನ ಎಂಜಿನ್ ಮೇಲೆ ಬಾಗಿದ್ದ ಯುವರಾಜ ತಲೆಯೆತ್ತಲಿಲ್ಲ. ಸ್ಕ್ರೂಡ್ರೈವರ್ ಹಿಡಿದ ಬೆರಳುಗಳು ಮಾತ್ರ ಬೆಳ್ಳಗಾದವು. ಬೇರೆ ದಿನವಾಗಿದ್ದರೆ ಈ ಮಾತು ಮುಗಿಯುವ ಮುಂಚೆ ಅವನ ಕೈ ಮುಂದಾಗಿರುತ್ತಿತ್ತು.

ಮರದ ಬುಡದಲ್ಲಿ ಕಾಂತುವಿನ ಅಪ್ಪ ರೇವಣಪ್ಪ ಮಿಸ್ತ್ರಿಯ ಹೆಣವನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಬಾಯಿ ತೆರೆಯದಂತೆ ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆ. ನಲವತ್ತು ವರ್ಷ ಇಂಡಿ ತಾಲೂಕಿನ ಗಾಡಿಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ ತನಗೆಂದು ಮಾಡಿಕೊಂಡದ್ದು ಈ ಒಂದೇ ಕಾರು. ಪುಣೆಯಿಂದ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದದ್ದನ್ನು ಹನ್ನೊಂದು ವರ್ಷ ಜೋಡಿಸಿದ್ದ. ಮೇಲೆ ಮುಚ್ಚಿಗೆ ಇಲ್ಲದ್ದು, ಎರಡೇ ಸೀಟಿನದು, ಒಂದು ಎಂಜಿನ್ನಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎರಡು. ಸತ್ತರೆ ಇದರಲ್ಲೇ ಕೂರಿಸಿ ಒಯ್ಯಿರೆಂದು ಹೆಂಡತಿಗೆ ಹೇಳಿಟ್ಟಿದ್ದ.

ಮಣ್ಣು ಮಾಡುವ ಹೊಲಕ್ಕೆ ಒಂದೂವರೆ ಮೈಲಿ. ಭಜನೆಯವರ ಹಿಂದೆ ಕಾಲ್ನಡಿಗೆಯಷ್ಟೇ ನಿಧಾನ ಹೋಗಬೇಕು. ನಡುದಾರಿಯಲ್ಲಿ ಎಂಜಿನ್ ನಿಂತರೆ ಹೆಣಕ್ಕೆ ಹೋಗುವ ಮನಸ್ಸಿಲ್ಲ, ಮನೆಯವರ ಮೇಲೆ ಏನೋ ಮುನಿಸಿದೆ ಎಂದು ಜನ ಆಡಿಕೊಳ್ಳುತ್ತಾರೆ. ಆ ಮಾತಿಗೆ ಹೆದರಿಯೇ ಕಾಂತು ಬಾಗಿಲಿಗೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ.

ಜಗಲಿಯಿಂದ ರೇವಣಪ್ಪನ ಹೆಂಡತಿ ಸುಂದರವ್ವನ ಧ್ವನಿ ಬಂತು. ಅತ್ತು ಅತ್ತು ಒಡೆದ ಧ್ವನಿ.

“ತಾಂಬಾದಿಂದ ಮಣ್ಣ ಮಾಡಸೂ ಅಯ್ಯನೋರು ಬರೂತನಾ ಅಂವಗ ಬಿಡು ಕಾಂತು. ಅವರು ಬಂದಮ್ಯಾಲೂ ಕಾರು ಚಾಲೂ ಆಗಲಿಲ್ಲಂದ್ರ ಟ್ಯಾಕ್ಟರದಾಗ ಒಯ್ಯೂಣು.”

*

ಎಂಟು ವರ್ಷದ ಹಿಂದೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಊರೂರು ಅಲೆದ ಯುವರಾಜನಿಗೆ ರೇವಣಪ್ಪ ಮೊದಲು ಕೊಟ್ಟದ್ದು ನಟ್ಟು ತಿರುವುವ ಪಾನಾ ಅಲ್ಲ, ಒಂದು ಮೊಳ ರಬ್ಬರ್ ನಳಿಕೆ. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡೂ ಬಾಯಿ ಎಳೆದುಕೊಳ್ಳುವ ಗಾಳಿಯ ಸುಯ್ಯೆಂಬ ಸಪ್ಪಳ ಒಂದೇ ಆಗುವತನಕ ಸ್ಕ್ರೂ ತಿರುವಬೇಕು.

“ಇವು ಒಂದ ನೊಗದ ಎತ್ತು,” ಅಂದಿದ್ದ. “ಒಂದು ಮುಂದ ಜಗ್ಗಿ ಇನ್ನೊಂದು ಹಿಂದ ಬಿದ್ರ ಗಾಡಿ ಗಟಾರಕ್ಕ.”

ಆಮೇಲೆ ಬಾನೆಟ್ಟಿನ ಮೇಲೆ ತುಂಬಿದ ನೀರಿನ ತಂಬಿಗೆ ಇಟ್ಟು ಎಂಜಿನ್ ಚಾಲೂ ಮಾಡಿದ್ದ. ನೀರು ನಡುಗಿತು, ತುಳುಕಲಿಲ್ಲ.

*

ಯುವರಾಜ ಮತ್ತೆ ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿ, ಮೈ ಕುಣಿಸಿ, ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು.

ಬೆಳಿಗ್ಗೆ ಸುದ್ದಿ ಕೇಳಿ ಸಿಂದಗಿಯಿಂದ ಬೈಕ್ ಹತ್ತಿ ಬಂದವನೇ ಬಾನೆಟ್ ಎತ್ತಿದ್ದ. ಕಿವಿ ಹೋದವ ಇಟ್ಟ ಸೆಟ್ಟಿಂಗ್ ತಪ್ಪೇ ಇದ್ದೀತೆಂದು, ಚಾಲೂ ಮಾಡಿ ಕೂಡ ನೋಡದೆ ಎರಡೂ ಸ್ಕ್ರೂ ತಿರುವಿಬಿಟ್ಟಿದ್ದ. ಈಗ ನಳಿಕೆಗೆ ಕಿವಿ ಕೊಟ್ಟರೆ ತಾಳ, ದಮ್ಮಡಿ, ಹೆಂಗಸರ ಅಳು. ಗಾಳಿಯ ಸಪ್ಪಳ ಮಾತ್ರ ಇಲ್ಲ. ಸತ್ತವನ ಮುಂದೆ ಭಜನೆ ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ಅಂಗಿ ಬೆನ್ನಿಗೆ ಅಂಟಿತ್ತು.

*

ಮೂರು ತಿಂಗಳ ಹಿಂದೆ ಇದೇ ಅಂಗಳದಲ್ಲಿ, ಚಡಚಣದ ಗಿರಾಕಿಯೊಬ್ಬನ ಹಳೆಯ ಕಾರು ಮೂರನೇ ಸಲ ವಾಪಸು ಬಂದಿತ್ತು. ಗಿರಾಕಿ ಬೈದದ್ದು ಯುವರಾಜನಿಗೆ. ಅವನು ಕೈಲಿದ್ದ ಪಾನಾ ನೆಲಕ್ಕೆ ಒಗೆದ.

“ನನಗ್ಯಾಕ ಅಂತೀರಿ? ಕಿವುಡರ ಕೈಯಾಗ ಗಾಡಿ ಕೊಟ್ರ ಹಿಂಗ ಆಕೈತಿ.”

ಕೇಳಿದವರು ಏಳೆಂಟು ಜನ. ರೇವಣಪ್ಪನಿಗೂ ಅದೊಂದು ಮಾತು ಕೇಳಿಸಿತ್ತು. ಅವನು ನಳಿಕೆಯನ್ನು ಸುತ್ತಿ ಮೊಳೆಗೆ ಹಾಕಿದ. ತೊಟ್ಟಿಯಲ್ಲಿ ಮೊಣಕೈತನಕ ಕೈ ತೊಳೆದ. ಹೊರಗೆ ನಡೆದ. ಅಂದೇ ಯುವರಾಜ ಸಿಂದಗಿಗೆ ಹೋಗಿ ಬೇರೆ ಗ್ಯಾರೇಜ್ ಸೇರಿದ.

*

“ಅಯ್ಯನೋರು ಊರ ಅಗಸಿ ಬಾಗಲಕ್ಕ ಬಂದ್ರಂತ,” ಎಂದು ಯಾರೋ ಹೇಳಿದರು. ಕಾಂತು ಟ್ರ್ಯಾಕ್ಟರಿನವನಿಗೆ ಸನ್ನೆ ಮಾಡಿದ.

ಸುಂದರವ್ವ ಗೋಡೆ ಹಿಡಿದು ಎದ್ದು ಬಂದಳು. ಸೆರಗಿನಲ್ಲಿ ಸುತ್ತಿದ್ದ ಉದ್ದನೆಯ ಮರದ ಹಿಡಿಕೆಯ ಸ್ಕ್ರೂಡ್ರೈವರ್ ಕೊಟ್ಟಳು.

“ನಳಗಿ ಬಿಟ್ಟಬಿಟ್ಟಿದ್ರಪಾ ಅವರು. ದಿನಾ ಇದನ್ನ ಹಲ್ಲಾಗ ಕಚ್ಚಿ ಹಿಡಕೊಂಡು ಕುಂದರತಿದ್ರು. ಕಿವ್ಯಾಗ ಹೋದದ್ದು ಹಲ್ಲಿಲೆ ಕೇಳಸ್ತೈತಿ ಅಂತಿದ್ರು.”

ಹಿಡಿಕೆಯ ಮೇಲೆ ಹಲ್ಲಿನ ಕುಳಿಗಳಿದ್ದವು, ಮೇಲೊಂದು ಸಾಲು, ಕೆಳಗೊಂದು. ಯುವರಾಜ ಅವುಗಳ ಮೇಲೇ ತನ್ನ ಹಲ್ಲೂರಿ ಕಚ್ಚಿದ. ಜೈನುದ್ದೀನ ಚಾಚಾ, ಈ ಕಾರಿಗೆ ತಗಡು ಬಡಿದ ಮುದುಕ, ಕಾಲಲ್ಲಿ ಆಕ್ಸಿಲರೇಟರ್ ಒತ್ತಿ ಎಂಜಿನ್ ಸಾಯದಂತೆ ಹಿಡಿದ. ಸ್ಕ್ರೂಡ್ರೈವರಿನ ತುದಿ ಕಾರ್ಬುರೇಟರಿಗೆ ತಾಗಿದ್ದೇ ಭಜನೆ ದೂರವಾಯಿತು. ದವಡೆಯ ಎಲುಬಿನೊಳಗೆ ಗಾಳಿ ಸುಯ್ಯೆಂದಿತು. ಎಡದ್ದು ಜೋರು, ಬಲದ್ದು ಕ್ಷೀಣ. ಬಲಗೈಯಲ್ಲಿದ್ದ ತನ್ನ ಸ್ಕ್ರೂಡ್ರೈವರಿನಿಂದ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿದ, ಅದರರ್ಧ ಸಡಿಲಿಸಿದ. ಇನ್ನೊಂದಕ್ಕೆ ಹೋದ. ಮತ್ತೆ ಹಿಂದಕ್ಕೆ ಬಂದ. ಎರಡೂ ಒಂದಾದವು.

ಆಗ ಕಂಡಿತು. ಒಂದೊಂದು ಸ್ಕ್ರೂವಿನ ತಲೆಯ ಮೇಲೂ ಸುಣ್ಣದ ಒಂದು ಚುಕ್ಕೆ. ಪಕ್ಕದ ಲೋಹದ ಮೇಲೆ ಸುಣ್ಣದ್ದೇ ಒಂದು ಗೆರೆ. ಎಲೆಯಡಿಕೆಯ ಸುಣ್ಣದ ಬೆರಳನ್ನು ರೇವಣಪ್ಪ ಎಲ್ಲೆಂದರಲ್ಲಿ ಒರೆಸುತ್ತಾನೆಂದು ಬೆಳಿಗ್ಗೆ ಅಂದುಕೊಂಡಿದ್ದ. ಈಗ ಎರಡೂ ಚುಕ್ಕೆಗಳು ತಮ್ಮ ತಮ್ಮ ಗೆರೆಯ ಎದುರಿಗೇ ಬಂದು ನಿಂತಿದ್ದವು.

ಜೈನುದ್ದೀನ ಕಾಲು ತೆಗೆದ. ಎಂಜಿನ್ ನಿಲ್ಲಲಿಲ್ಲ. ಯುವರಾಜ ಬಾನೆಟ್ ಮುಚ್ಚಿ ಅದರ ಮೇಲೆ ತುಂಬಿದ ತಂಬಿಗೆ ಇಟ್ಟ. ನೀರು ತುಳುಕಲಿಲ್ಲ. ಕೂತವರು ಒಬ್ಬೊಬ್ಬರಾಗಿ ಎದ್ದರು.

“ರೇವಣಪ್ಪ ಇಟ್ಟಿದ್ದು ತಪ್ಪಿತ್ತೇನಪಾ?” ಎಂದ ಜೈನುದ್ದೀನ. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಹೂಂ ಅಂದರೆ ಸಾಕಿತ್ತು.

“ಇಲ್ಲ ಚಾಚಾ. ಉಸ್ತಾದ ಇಟ್ಟಿದ್ದು ಬರೋಬ್ಬರಿ ಇತ್ತು. ನಾನ ಕೆಡಿಸಿದ್ದೆ. ಚಾಲೂ ಮಾಡಿ ನೋಡಲಾರದ.”

ಕಾಂತು ಜನರತ್ತ ತಿರುಗಿದ. “ಕೇಳಿದ್ರೆಲ್ಲ? ಕಿವುಡ ಯಾರಿದ್ದ ಅಂತ ತನ್ನ ಬಾಯಿಲೆ ತಾನ ಹೇಳಿದ.”

ಯುವರಾಜನ ಕತ್ತಿನ ನರ ಉಬ್ಬಿತು. ಜನ ನೋಡುತ್ತಿದ್ದರು. ಅವನು ಸ್ಕ್ರೂಡ್ರೈವರನ್ನು ಒರೆಸಿ ಸುಂದರವ್ವನ ಕೈಗೆ ಕೊಟ್ಟ. ತೊಟ್ಟಿಯ ಹತ್ತಿರ ಹೋಗಿ ಮೊಣಕೈತನಕ ಕೈ ತೊಳೆದ. ಟ್ರ್ಯಾಕ್ಟರ್ ದಾಟಿ ಹೊರಗೆ ನಡೆದ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ, ಕಾಲ್ನಡಿಗೆಯ ವೇಗದಲ್ಲಿ, ರೇವಣಪ್ಪನನ್ನು ಕೂರಿಸಿಕೊಂಡ ಕಾರಿನ ಎಂಜಿನ್ ಸಪ್ಪಳ ಬರುತ್ತಿತ್ತು. ನಾಲಿಗೆಯ ತುದಿಯಲ್ಲಿ ಇನ್ನೂ ಹಳೆಯ ಮರದ ರುಚಿ, ಸುಣ್ಣದ ಚುರುಕು.